ಸ್ಕ್ಯಾನ್‌ನಿಂದ ತಲೆಬುರುಡೆ ಎದ್ದು ಬರುವುದು ಹೇಗೆ?

ಪ್ರಶ್ನೆ: ಸಿ.ಟಿ. ಸ್ಕ್ಯಾನ್‌ನ ಚಪ್ಪಟೆ ಚಿತ್ರಗಳು ಕಂಪ್ಯೂಟರಿನಲ್ಲಿ ಮೂರು ಆಯಾಮದ ತಲೆಬುರುಡೆಯಾಗುವುದು ಹೇಗೆ? ಅಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆಯೇ?

ಉತ್ತರ: ಖಂಡಿತ ಸಿಗುತ್ತದೆ. ಸ್ಕ್ಯಾನ್ ಎಂದರೆ ಮೂಲತಃ ಅಂಕಿಗಳ ರಾಶಿ. ನೀರಿಗೆ 0, ಗಾಳಿಗೆ -1000, ಮೂಳೆಗೆ ನೂರಾರಿನಿಂದ ಸಾವಿರಕ್ಕೂ ಹೆಚ್ಚು. ಒಂದರ ಮೇಲೊಂದು ಪೇರಿಸಿದ ಈ ಅಂಕಿಗಳ ನಡುವೆ ತಂತ್ರಾಂಶ ಪುಟ್ಟ ಪುಟ್ಟ ಘನಗಳನ್ನು ಕಲ್ಪಿಸಿಕೊಳ್ಳುತ್ತದೆ. ಪ್ರತಿ ಘನದ ಎಂಟು ಮೂಲೆಗಳಲ್ಲಿ ಯಾವುದು ಮೂಳೆಯ ಒಳಗೆ, ಯಾವುದು ಹೊರಗೆ ಎಂದು ನೋಡುತ್ತದೆ. ಒಟ್ಟು 256 ಸಾಧ್ಯತೆಗಳು. ಘನವನ್ನು ತಿರುಗಿಸಿ, ಒಳಗು-ಹೊರಗುಗಳನ್ನು ಅದಲುಬದಲು ಮಾಡಿ ಹೊಂದಿಸಿದರೆ ಉಳಿಯುವುದು ಹದಿನೈದೇ! ಅದಕ್ಕೆ ತಕ್ಕಂತೆ ತ್ರಿಕೋನಗಳನ್ನು ಜೋಡಿಸುತ್ತ ಹೋದರೆ ಬುರುಡೆಯ ಮೇಲ್ಮೈ ಸಿದ್ಧ. 1987ರಲ್ಲಿ ಲೊರೆನ್ಸೆನ್ ಮತ್ತು ಕ್ಲೈನ್ ಪ್ರಕಟಿಸಿದ ಈ ‘ಮಾರ್ಚಿಂಗ್ ಕ್ಯೂಬ್ಸ್’ ವಿಧಾನ ನನ್ನ ಮಟ್ಟಿಗೆ ಗಣಕ ಚಿತ್ರಣದ ಅತ್ಯಂತ ಸುಂದರ ಉಪಾಯಗಳಲ್ಲೊಂದು.

ಅದೇ ಲೊರೆನ್ಸೆನ್ 1993ರಲ್ಲಿ ಶ್ರೋಡರ್, ಮಾರ್ಟಿನ್ ಜೊತೆ ಸೇರಿ ‘ವಿಟಿಕೆ’ ಎಂಬ ಮುಕ್ತ ತಂತ್ರಾಂಶ ಆರಂಭಿಸಿದರು. ವೈದ್ಯಕೀಯ ಚಿತ್ರಗಳಿಗೆ ಬಳಸುವ ‘3ಡಿ ಸ್ಲೈಸರ್’, ಗಾಳಿ-ನೀರಿನ ಹರಿವು ತೋರಿಸುವ ‘ಪ್ಯಾರಾವ್ಯೂ’ ಎರಡೂ ಇದರ ಮೇಲೇ ನಿಂತಿವೆ. ಮೂಲ ಸಂಕೇತವನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಸ್ಲೈಸರ್‌ನೊಳಗೇ ಮಾದರಿ ಸ್ಕ್ಯಾನ್‌ಗಳು ಸಿಗುತ್ತವೆ. ಇಳಿಸಿಕೊಂಡು ನೀವೇ ಮಾಡಿ ನೋಡಿ.