ಕೆರೆಯ ಮೀನುಗಳ ರಕ್ತದಲ್ಲಿರುವ ಪರೋಪಜೀವಿಗಳು

ಕೆರೆಕುಂಟೆಗಳಲ್ಲಿ ಮೀನು ಸಾಕುವ ಗ್ರಾಮಮುಖಂಡರೂ ಜಮೀನುದಾರರೂ ಜಿಗಣೆಯ ಉಪದ್ರವವನ್ನು ಬಲ್ಲವರೇ ಸರಿ. ಆದರೆ ಈ ಜಂತುವು ರಕ್ತವನ್ನು ಹೀರುವುದಲ್ಲದೆ, ಒಂದು ಮೀನಿನ ರಕ್ತದಲ್ಲಿರುವ ಪರೋಪಜೀವಿಯನ್ನು ಮತ್ತೊಂದಕ್ಕೆ ದಾಟಿಸುತ್ತದೆಂಬುದು ಅನೇಕರಿಗೆ ತಿಳಿಯದು.

1841ನೆಯ ಇಸವಿಯಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವ್ಯಾಲೆಂಟಿನ್ ಎಂಬ ಪಂಡಿತರು ಟ್ರೌಟ್ ಮೀನಿನ ರಕ್ತದಲ್ಲಿ ಹೊರಳಾಡುವ ಸೂಕ್ಷ್ಮಜೀವಿಯೊಂದನ್ನು ಕಂಡರು. 1843ರಲ್ಲಿ ಗ್ರುಬಿ ಎಂಬವರು ಕಪ್ಪೆಯ ರಕ್ತದಲ್ಲಿ ಇಂಥದನ್ನೇ ಕಂಡು, ಬೈರಿಗೆಯಂತೆ ತಿರುಗುವ ದೇಹವುಳ್ಳದ್ದೆಂಬ ಅರ್ಥದಲ್ಲಿ ಟ್ರಿಪನೊಸೋಮ ಎಂದು ಹೆಸರಿಟ್ಟರು. ತರುವಾಯ ಬಂದ ಪಂಡಿತರು ಯಾವ ಮೀನಿನಲ್ಲಿ ಕಂಡರೋ ಆ ಮೀನಿನ ಮೇಲೆ ಹೊಸ ಹೊಸ ಹೆಸರುಗಳನ್ನು ಕೊಡುತ್ತ ಹೋದರು. ಭಾರತದಲ್ಲಿಯೂ ಕೊರವ, ಚೇಳುಮೀನು ಮುಂತಾದವುಗಳಿಂದ ಅನೇಕ ಜಾತಿಗಳು ವರ್ಣಿತವಾದುವು.

ಈ ಪದ್ಧತಿಯಲ್ಲಿ ಒಂದು ದೋಷವುಂಟು. ಒಂದೇ ಜೀವಿಯು ತನ್ನ ವಯಸ್ಸಿಗೂ, ಆಶ್ರಯವಿತ್ತ ಮೀನಿಗೂ ಅನುಸಾರವಾಗಿ ಉದ್ದಗಿಡ್ಡವಾಗಿ ತೋರುವುದು. ಇತ್ತೀಚೆಗೆ ವಂಶವಾಹಿಗಳನ್ನು ಹೋಲಿಸಿ ನೋಡಿದಲ್ಲಿ, ಬೇರೆ ಹೆಸರುಳ್ಳ ಕೆಲವು ಜೀವಿಗಳು ಅತಿ ಸಮೀಪದ ಬಂಧುಗಳೆಂದೂ, ಯೂರೋಪಿನ ಹಾವುಮೀನಿನಲ್ಲಿ ಒಂದೇ ಹೆಸರಿನ ಕೆಳಗೆ ಎರಡು ವಂಶಗಳು ಅಡಗಿವೆಯೆಂದೂ ತಿಳಿದುಬಂದಿದೆ. ಕಾರ್ಪ್ ಮೀನಿನ ಟ್ರಿಪನೊಸೋಮವು ಚಿನ್ನದ ಮೀನಿಗೂ ತಗಲುವುದೆಂಬುದು ಪ್ರಯೋಗಸಿದ್ಧವಾಗಿದೆ.

ಆದ್ದರಿಂದ, ಕಾಡುಮೀನಿನ ರೋಗವು ಸಾಕುಮೀನಿಗೆ ತಗಲದೆಂದು ಹೆಸರನ್ನು ಮಾತ್ರ ನಂಬಿ ಧೈರ್ಯದಿಂದಿರುವುದು ವಿವೇಕವಲ್ಲ. ಜೀವಿಯ ಹೆಸರು ಯಾವುದಾದರೂ ಅದನ್ನು ಹೊರುವ ವಾಹನವು ಜಿಗಣೆಯೇ. ಜಿಗಣೆಯನ್ನು ತಡೆದರೆ ರೋಗದ ದಾರಿಯನ್ನೇ ಕಟ್ಟಿದಂತಾಯಿತು.

ರೋಗವು ಪ್ರಬಲವಾದಾಗ ಮೀನಿನ ರಕ್ತವು ಕ್ಷೀಣಿಸಿ ಕಿವಿರುಗಳು ಬಿಳುಪೇರುವುವು. ಮೀನು ಮಂಕಾಗಿ ಮೇವನ್ನು ಬಿಡುವುದು. ಬೇರೆ ಕಾರಣಗಳಿಂದಲೂ ಹೀಗಾಗುವುದರಿಂದ, ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆ ಔಷಧಕ್ಕೆ ಹಣ ಸುರಿಯಬಾರದು.

ಬೇಸಗೆಯಲ್ಲಿ ಕುಂಟೆಯನ್ನು ಬತ್ತಿಸಿ, ತಳವನ್ನು ಬಿಸಿಲಿಗೆ ಒಣಗಿಸಿ, ಸುಣ್ಣವನ್ನು ಎರಚಬೇಕು. ಜಿಗಣೆಯು ಜೊಂಡಿನ ಮೇಲೂ ಕಲ್ಲುಗಳ ಮೇಲೂ ಮೊಟ್ಟೆಗೂಡನ್ನು ಅಂಟಿಸುವುದರಿಂದ ಕಳೆಯನ್ನು ಕಿತ್ತು ದೂರ ಹಾಕಬೇಕು. ಹೊರಗಿನಿಂದ ತಂದ ದೊಡ್ಡ ಮೀನುಗಳ ಮೈಮೇಲೆ ಜಿಗಣೆಯಿದ್ದಲ್ಲಿ, 10 ಲೀಟರು ನೀರಿಗೆ 250 ಗ್ರಾಂ ಉಪ್ಪನ್ನು ಕರಗಿಸಿ ಅದರಲ್ಲಿ ಕೆಲವು ನಿಮಿಷ ಬಿಡಬೇಕು; ಮೀನು ಹೊರಳಿದ ಕೂಡಲೇ ತೆಗೆಯಬೇಕು. ಉಪ್ಪು ಜಿಗಣೆಯನ್ನು ಕಳಚುವುದೇ ಹೊರತು ರಕ್ತದೊಳಗಣ ಜೀವಿಯನ್ನು ಕೊಲ್ಲದು. ಆದಕಾರಣ ಇಂಥ ಮೀನುಗಳನ್ನು ಮೊದಲು ಪ್ರತ್ಯೇಕವಾಗಿಟ್ಟು, ಪರೀಕ್ಷಿಸಿದ ಮೇಲೆಯೇ ಕುಂಟೆಗೆ ಬಿಡತಕ್ಕದ್ದು.