ಯಾರ ಹಣ, ಯಾರ ಹೆಸರು?

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಕೆಂಗೇರಿಗಳು ಲೋಕಸಭೆಯ ಲೆಕ್ಕದಲ್ಲಿ ಕ್ರಮವಾಗಿ ಬೆಂಗಳೂರು ಕೇಂದ್ರ, ದಕ್ಷಿಣ, ಉತ್ತರ ಕ್ಷೇತ್ರಗಳಿಗೆ ಹಂಚಿಹೋಗಿವೆ. ಬಸ್ ತಂಗುದಾಣಗಳ ಮೇಲೆ ಜನಪ್ರತಿನಿಧಿಗಳ ಹೆಸರನ್ನು ನಾವೆಲ್ಲರೂ ಓದಿದ್ದೇವೆ. ‘ಇದು ಅವರ ಕೊಡುಗೆ’ ಎನ್ನುವುದು ವಾಡಿಕೆ. ಆ ಹಣ ಬರುವುದೆಲ್ಲಿಂದ?

ಸಂಸತ್ಸದಸ್ಯರ ಪ್ರದೇಶಾಭಿವೃದ್ಧಿ ಯೋಜನೆಯು 1993ರ ಡಿಸೆಂಬರಿನಲ್ಲಿ ಆರಂಭವಾಯಿತು. 2011-12ರಿಂದ ಸದಸ್ಯರೊಬ್ಬರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ನಿಗದಿಯಾಗಿದೆ. ಆ ಹಣ ಅವರ ಕೈಗೆ ಬರುವುದಿಲ್ಲ. ಅವರು ಕಾಮಗಾರಿಯನ್ನು ಸೂಚಿಸುತ್ತಾರೆ, ಜಿಲ್ಲಾಡಳಿತವು ಪರಿಶೀಲಿಸಿ ಮಂಜೂರು ಮಾಡುತ್ತದೆ. ನಮ್ಮ ಶಾಸಕರಿಗೂ ಇಂಥದೇ ನಿಧಿಯುಂಟು.

ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗವು 2007ರಲ್ಲಿ ಇವೆರಡನ್ನೂ ರದ್ದುಪಡಿಸಬೇಕೆಂದಿತು. ಶಾಸನ ಮಾಡುವವರೇ ಕಾರ್ಯಾಂಗದ ಕೆಲಸಕ್ಕೆ ಕೈಹಾಕಬಾರದೆಂಬುದು ಅದರ ವಾದ. ಆದರೆ 2010ರಲ್ಲಿ ಸುಪ್ರೀಂ ಕೋರ್ಟು ಸಂಸತ್ಸದಸ್ಯರ ಯೋಜನೆ ಸಂವಿಧಾನಬದ್ಧವೆಂದು ತೀರ್ಪಿತ್ತಿತು.

ಕ್ಷೇತ್ರದ ಮತದಾರರನ್ನು ಒಲಿಸಿಕೊಳ್ಳಲು ಬೊಕ್ಕಸದಿಂದ ಮಾಡುವ ವೆಚ್ಚವನ್ನು ಅಮೆರಿಕದವರು ‘ಹಂದಿಮಾಂಸದ ಪೀಪಾಯಿ’ ಎಂದು ಹಾಸ್ಯ ಮಾಡುತ್ತಾರೆ. ನಮ್ಮಲ್ಲಿಯೂ ಗಾದೆಯಿದೆ: ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದಂತೆ. ಪಕ್ಕದ ಕ್ಷೇತ್ರಕ್ಕೆ ಈ ಗಾದೆಯನ್ನು ಹೇಳಿ, ನಮ್ಮ ಬೀದಿಗೆ ಹಣ ಬಂದಾಗ ಹಾರ ಹಾಕುವುದು ನ್ಯಾಯವೇ?

ತಂಗುದಾಣ ಬೇಡವೆಂದು ನಾನು ಹೇಳುತ್ತಿಲ್ಲ. ಬಿಸಿಲಲ್ಲಿ ನಿಂತ ಮುದುಕಿಗೆ ನೆರಳು ಬೇಕೇ ಬೇಕು. ಆದರೆ ಕೊಡುಗೆಯೆಂದು ಪಡೆದವನು ಕೈಮುಗಿದು ಸುಮ್ಮನಾಗುತ್ತಾನೆ. ತನ್ನ ಹಣವೆಂದು ತಿಳಿದವನು ಲೆಕ್ಕ ಕೇಳುತ್ತಾನೆ. ಬೆಂಕಿಪೊಟ್ಟಣ ಕೊಂಡವನೂ ತೆರಿಗೆ ತೆತ್ತವನೇ. ವಿದ್ಯಾರ್ಥಿಗಳಾದ ನಾವು ಲೆಕ್ಕ ಕೇಳುವವರ ಪಂಕ್ತಿಗೆ ಸೇರಬೇಕೆಂಬುದೇ ನನ್ನ ಬಿನ್ನಹ.