ನಮ್ಮ ಶರೀರದಲ್ಲಿಯ ಅಮೋನಿಯಾ

ನಾವು ಚಿಕ್ಕವರಿದ್ದಾಗ ಕೇಶ್ವಾಪುರದ ಓಣಿಗಳಲ್ಲಿ ಕಲಾಯಿ ಹಾಕುವವನು ತಿದಿ ಊದುತ್ತ ಕೂಡ್ರುತ್ತಿದ್ದನು. ಕಾದ ತಾಮ್ರದ ಪಾತ್ರೆಯಲ್ಲಿ ಆತನು ನವಸಾಗರದ ಪುಡಿಯನ್ನು ಉದುರಿಸಿದ ಕೂಡಲೆ ಬಿಳಿಯ ಹೊಗೆಯೆದ್ದು ಕಣ್ಣು ಮೂಗುಗಳಲ್ಲಿ ನೀರು ಬರುತ್ತಿತ್ತು. ನವಸಾಗರವು ಕಾದು ಒಡೆದಾಗ ಹೊರಡುವ ಎರಡು ಘಾಟು ವಾಯುಗಳಲ್ಲಿ ಅಮೋನಿಯಾ ಒಂದು. ಸಾರಜನಕದ ಒಂದು ಪರಮಾಣುವಿನೊಡನೆ ಜಲಜನಕದ ಮೂರು ಪರಮಾಣುಗಳು ಕೂಡಿದರೆ ಅದರ ಅಣುವಾಗುವದು. ನಮ್ಮ ರಕ್ತದಲ್ಲಿಯಾದರೋ ಅದರ ಬಹುಭಾಗವು ಜಲಜನಕದ ಇನ್ನೊಂದು ಅಯಾನನ್ನು ಹಿಡಿದುಕೊಂಡು ಅಮೋನಿಯಮ್ ಎಂಬ ರೂಪದಲ್ಲಿರುವದು.

ಇಂಥ ತೀಕ್ಷ್ಣ ಪದಾರ್ಥವು ನಮ್ಮೊಳಗೆ ಎಲ್ಲಿಂದ ಬಂತೆಂದು ವಿದ್ಯಾರ್ಥಿನಿಯರು ಪ್ರತಿ ವರ್ಷವೂ ಕೇಳುತ್ತಾರೆ. ಉತ್ತರವು ಅವರ ಬುತ್ತಿಯಲ್ಲಿಯೇ ಇದೆ. ಮಡಿಕೆ ಕಾಳು, ಬೇಳೆ, ಮೊಸರು, ತತ್ತಿ ಇವುಗಳೊಳಗಿನ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳಾಗುವದು. ಶರೀರವನ್ನು ಕಟ್ಟುವದಕ್ಕೆ ಬೇಕಾದಷ್ಟು ಹೋಗಿ ಉಳಿದದ್ದು ಶಕ್ತಿಗಾಗಿ ವೆಚ್ಚವಾಗುವಾಗ ಅದರ ಸಾರಜನಕವು ಅಮೋನಿಯಾ ಆಗಿ ಬೇರ್ಪಡುವದು. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳೂ ಅದನ್ನು ಹುಟ್ಟಿಸುತ್ತವೆ.

ಉಣಕಲ್ಲ ಕೆರೆಯ ಮೀನು ತನ್ನ ಅಮೋನಿಯಾವನ್ನು ಕಿವಿರುಗಳ ಮೂಲಕ ನೀರಿಗೆ ಬಿಟ್ಟು ನಿಶ್ಚಿಂತೆಯಿಂದಿರುವದು. ನಮಗೆ ಆ ಸೌಕರ್ಯವಿಲ್ಲ. ಆದಕಾರಣ ಯಕೃತ್ತು ಅದನ್ನು ಇಂಗಾಲಾಮ್ಲದೊಡನೆ ಕೂಡಿಸಿ, ನಿರಪಾಯಕರವಾದ ಯೂರಿಯಾವನ್ನಾಗಿ ಮಾಡುವದು. ಈ ಕ್ರಿಯೆಯು ಒಂದು ಚಕ್ರದಂತೆ ತಿರುಗುವದೆಂಬದನ್ನು ಜರ್ಮನಿಯಲ್ಲಿ ಹಾನ್ಸ್ ಕ್ರೆಬ್ಸ್, ಕುರ್ಟ್ ಹೆನ್ಸೆಲೈಟ್ ಎಂಬವರು ೧೯೩೨ರಲ್ಲಿ ತೋರಿಸಿದರು. ಒಕ್ಕಲಿಗರು ಚೀಲದಿಂದ ಹೊಲಕ್ಕೆ ಚೆಲ್ಲುವ ಯೂರಿಯಾವೂ ಇದೇ, ಎಳ್ಳಷ್ಟೂ ಭೇದವಿಲ್ಲ. ಪ್ರಾಯದ ಮನುಷ್ಯನ ಮೂತ್ರದಲ್ಲಿ ದಿನಕ್ಕೆ ಸುಮಾರು ೨೦ರಿಂದ ೩೦ ಗ್ರಾಮಿನಷ್ಟು ಹೊರಬೀಳುವದು. ತೊಟ್ಟಿಲ ಬಟ್ಟೆಯನ್ನು ಒಗೆಯದೆ ಇಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಪುನಃ ಅಮೋನಿಯಾ ಮಾಡುವವು. ಆ ನಾತವು ಎಲ್ಲ ತಾಯಂದಿರಿಗೂ ಗೊತ್ತು.

ಯಕೃತ್ತೇ ಕೆಟ್ಟರೆ ಏನಾಗುವದು? ನಮ್ಮ ಒಬ್ಬ ವಿದ್ಯಾರ್ಥಿನಿಯ ತಂದೆಯವರು ಯಕೃತ್ತಿನ ರೋಗದಿಂದ ಬಳಲುತ್ತಿದ್ದರು. ಅವರು ಹಗಲೆಲ್ಲ ನಿದ್ರಿಸಿ ರಾತ್ರಿ ಎಚ್ಚರವಾಗಿರಹತ್ತಿದರು. ಚಿಲ್ಲರೆ ಎಣಿಸುವದು ತಪ್ಪಿತು. ಒಂದು ಸಂಜೆ ಮಗಳ ಹೆಸರೂ ನೆನಪಾಗಲಿಲ್ಲ. ಗಾಳಿ ಸೋಂಕಿದೆಯೆಂದು ಮನೆಯವರು ತಾಯತ ಕಟ್ಟಿಸಿ ನಾಲ್ಕು ದಿನ ಕಳೆದರು. ಆ ನಾಲ್ಕು ದಿನಗಳು ಪ್ರಾಣಕ್ಕೇ ಎರವಾಗಬಹುದಾಗಿದ್ದವು. ಕೊನೆಗೆ ವೈದ್ಯರು ಅವರ ಕೈಗಳನ್ನು ಮುಂದಕ್ಕೆ ಚಾಚಿ ಹಿಡಿಯಹೇಳಿದಾಗ ಮಣಿಕಟ್ಟುಗಳು ರೆಕ್ಕೆಯಂತೆ ಬಡಿದವು. ಯಕೃತ್ತಿನಲ್ಲಿ ತಡೆಯಲ್ಪಡದ ಅಮೋನಿಯಾ ಮೆದುಳಿಗೆ ಹೋಗಿ ಬುದ್ಧಿಯನ್ನು ಮಂಕುಮಾಡಿತ್ತು. ಮಲಬದ್ಧತೆ, ಹೊಟ್ಟೆಯೊಳಗಿನ ರಕ್ತಸ್ರಾವ, ನಿದ್ರೆಯ ಗುಳಿಗೆ ಇವು ಇಂಥ ರೋಗಿಯನ್ನು ಬೇಗನೆ ಈ ಸ್ಥಿತಿಗೆ ತರುತ್ತವೆ.

ವೈದ್ಯರು ಕೊಟ್ಟ ಔಷಧದಲ್ಲಿ ಮುಖ್ಯವಾದದ್ದು ಲ್ಯಾಕ್ಟುಲೋಸ್ ಎಂಬ ಸಿಹಿ ಪಾಕ. ಅದು ದೊಡ್ಡ ಕರುಳಿನಲ್ಲಿ ಹುಳಿಯನ್ನು ಹುಟ್ಟಿಸುವದು. ಆ ಹುಳಿಯಲ್ಲಿ ಅಮೋನಿಯಾ ಅಮೋನಿಯಮ್ ಆಗಿ, ರಕ್ತಕ್ಕೆ ಮರಳಲಾರದೆ ಮಲದೊಡನೆ ಹೊರಗೆ ಹೋಗುವದು. ಮೂರನೆಯ ದಿನ ತಂದೆಯವರು ಮಗಳನ್ನು ಹೆಸರುಹಿಡಿದು ಕರೆದರಂತೆ.

ಆಕೆಯ ತಾಯಿಯವರು, ಬೇಳೆಯಿಂದಲೇ ಈ ವಿಷವೆಂದು ಕೇಳಿ, ಗಂಡನಿಗೆ ಬರಿಯ ಗಂಜಿಯನ್ನು ಹಾಕಹತ್ತಿದ್ದರು. ಹಿಂದೆ ವೈದ್ಯರೂ ಹಾಗೆಯೇ ಹೇಳುತ್ತಿದ್ದುದುಂಟು. ಈಗಿನ ವೈದ್ಯರು ಬೇಳೆ ಮೊಸರುಗಳನ್ನು ಮರಳಿ ಕೊಡಹೇಳಿದರು. ಯಾಕಂದರೆ ಯಕೃತ್ತು ಸೋತಾಗ ಮಾಂಸಖಂಡಗಳೂ ಸ್ವಲ್ಪ ಅಮೋನಿಯಾವನ್ನು ಹಿಡಿದು ಗ್ಲುಟಮಿನ್ ಮಾಡಿಕೊಳ್ಳುತ್ತವೆ. ಉಪವಾಸದಿಂದ ಅವು ಕರಗಿದರೆ ರೋಗಿಗೆ ಆ ಆಸರೆಯೂ ತಪ್ಪುವದು.